ಎಲ್ಲಿ ಕೇಳಿದ್ದೆಂದು ಗೊತ್ತಿಲ್ಲದ ಹಾಡು

ನಾನು ಕಥೆ ಕಟ್ಟುವವಳಲ್ಲ. ಯಾವ ದಿನ ಏನಾಯಿತು, ಎಷ್ಟು ಗಂಟೆಗೆ ಆಯಿತು, ಎಷ್ಟು ಸಲ ಆಯಿತು ಎಂದು ಬರೆದಿಟ್ಟುಕೊಳ್ಳುವವಳು. ಹಾಸ್ಟೆಲಿನ ಗೆಳತಿಯರು "ಈಕಿ ಸೀನಿದ್ರೂ ಬುಕ್ಕಿನಾಗ ಹಾಕ್ತಾಳ" ಎಂದು ನಗುತ್ತಿದ್ದರು. ಅಂಥವಳು ಹೇಳುತ್ತಿದ್ದೇನೆ, ಇದು ನಡೆದದ್ದು. ನಡೆದ ಕೋಣೆಯಲ್ಲಿ ನಾನಿದ್ದೆ. ಎಚ್ಚರವಾಗಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತೇನೆ.

ತೆಲಂಗಾಣ ಚಳವಳಿ ಜೋರಾಗಿದ್ದ ವರ್ಷಗಳು. ನಾನು ಜಹೀರಾಬಾದಿನಲ್ಲಿ ಡಿಗ್ರಿ ಓದುತ್ತಿದ್ದೆ. ತಿಂಗಳಲ್ಲಿ ಹತ್ತು ದಿನ ಕಾಲೇಜು ಇದ್ದರೆ ಹೆಚ್ಚು. ಹಾಸ್ಟೆಲಿನ ಎದುರಿನ ಚೌಕದಲ್ಲಿ ಚಳವಳಿಯವರು ದೀಕ್ಷೆಯ, ಅಂದರೆ ಉಪವಾಸ ಧರಣಿಯ ಟೆಂಟ್ ಹಾಕಿದ್ದರು. ಬೆಳಗಿನಿಂದ ಕತ್ತಲಾಗುವವರೆಗೆ ಮೈಕಿನಲ್ಲಿ ಹಾಡು. ಕಿವಿ ಮುಚ್ಚಿಕೊಂಡರೂ ಸಂಜೆಗೆ ಯಾವುದೋ ಒಂದು ತಲೆಯಲ್ಲಿ ಕೂತುಬಿಡುತ್ತಿತ್ತು. ಬಟ್ಟೆ ಒಗೆಯುವಾಗ ಅದೇ, ಊಟಕ್ಕೆ ಕೂತಾಗ ಅದೇ.

ಬಿಡಿಸಿಕೊಳ್ಳಲು ಆಗದ್ದನ್ನು ಲೆಕ್ಕವಾದರೂ ಇಡೋಣ ಎಂದು ಒಂದು ನೋಟ್‌ಬುಕ್ ಮಾಡಿದೆ. ಐದು ಕಾಲಂ. ದಿನ, ಹಾಡು, ಭಾಷೆ, ಎಲ್ಲಿ ಕೇಳಿದ್ದು, ಯಾವಾಗ ಬಿಟ್ಟಿತು. ಐವತ್ತೆರಡು ದಿನಗಳಲ್ಲಿ ತೆಲುಗು ಇಪ್ಪತ್ತೆಂಟು, ಹಿಂದಿ ಹದಿಮೂರು, ಕನ್ನಡ ಒಂಬತ್ತು, ಮರಾಠಿ ಎರಡು. 'ಎಲ್ಲಿ ಕೇಳಿದ್ದು' ಎಂಬ ಕಾಲಂ ಒಂದು ದಿನವೂ ಖಾಲಿ ಬಿದ್ದಿರಲಿಲ್ಲ. ಟೆಂಟು, ಆಟೊ, ಪಕ್ಕದ ರೂಮಿನ ರೇಡಿಯೋ... ಸ್ವಲ್ಪ ಯೋಚಿಸಿದರೆ ಹಾಡು ಎಲ್ಲಿಂದ ಬಂತೆಂದು ಸಿಕ್ಕೇ ಸಿಗುತ್ತಿತ್ತು.

ಐವತ್ತಮೂರನೆಯ ದಿನ ಶುಕ್ರವಾರ. ಹಿಂದಿನ ದಿನ ನಸುಕಿನಲ್ಲಿ ನಾರಾಯಣಖೇಡದ ನಮ್ಮ ಮನೆಯಲ್ಲಿ ಅಕ್ಕ ಸುನಂದಾಗೆ ಗಂಡುಮಗು ಆಗಿತ್ತು. ಬಸ್ಸುಗಳೆಲ್ಲ ಬಂದ್. ಕಾದು ಕಾದು ಒಂದು ಜೀಪು ಹಿಡಿದೆ. ಗಂಟುಮೂಟೆಗಳ ನಡುವೆ ಕಾಲು ಮಡಚಿ ಕೂತಿದ್ದಾಗ ತಲೆಯಲ್ಲಿ ಒಂದು ರಾಗ ಓಡುತ್ತಿರುವುದು ಗಮನಕ್ಕೆ ಬಂತು.

ಮಾತಿಲ್ಲ. ನಿಧಾನ. ಕುಂಟುವವರು ನಡೆದ ಹಾಗೆ ಮೂರು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಒಂದು ಹೆಜ್ಜೆ.

ಎಲ್ಲಿ ಕೇಳಿದ್ದು? ನಾರಾಯಣಖೇಡ ಮುಟ್ಟುವವರೆಗೆ ಯೋಚಿಸಿದೆ. ಸಿಗಲಿಲ್ಲ. ಕಾಲಂ ಖಾಲಿ ಬಿಟ್ಟೆ.

ಮನೆಯಲ್ಲಿ ಇದ್ದವಳು ಆಯಿ ಒಬ್ಬಳೇ. ಅವ್ವ, ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದ ಅಜ್ಜಿ. ಭಾವ ತಾಂಡೂರಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗಾಡಿ ಸಿಗದೆ ಅವರಿನ್ನೂ ಬಂದಿರಲಿಲ್ಲ.

ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತೆ. ಅಜವಾನದ ಹೊಗೆ, ಬೆಳ್ಳುಳ್ಳಿ, ಎಣ್ಣೆಯ ವಾಸನೆ. ಅಕ್ಕ ಕೂಸಿನ ಮುಖದ ಮೇಲೆ ಸೆರಗು ಎಳೆದಳು.

"ಬಂದ್ಯಾ? ಈ ಸಲನೂ ಮಲಕೊಳ್ಳಾಕ ಬಂದೀ ಏನು?"

ಆ ಮಾತಿಗೆ ಕಾರಣ ಹೇಳಬೇಕು. ನಮ್ಮ ಕಡೆ ಕೂಸು ಹುಟ್ಟಿದ ಐದನೆಯ ರಾತ್ರಿ ಶೆಟಿಗೆವ್ವ ಬಂದು ಅದರ ಹಣೆಬರಹ ಬರೆಯುತ್ತಾಳೆ ಎಂದು ನಂಬುತ್ತಾರೆ. ಕೂಸಿನ ತಲೆಯ ಹತ್ತಿರ ಮೊರದಲ್ಲಿ ಅರಿಶಿನ ಕುಂಕುಮದ ಜೊತೆ ಒಂದು ಖಾಲಿ ಬುಕ್ಕು, ಪೆನ್ನು ಇಡುತ್ತಾರೆ. ದೀಪ ಆರಬಾರದು. ಒಬ್ಬರು ಎಚ್ಚರ ಇರಬೇಕು. ಎಚ್ಚರ ಇರುವವರು ಮೊರದ ಕಡೆ ಬೆನ್ನು ಮಾಡಿ ಕೂರಬೇಕು, ಅವಳು ಬರೆಯುವಾಗ ನೋಡಬಾರದು. ಎರಡು ವರ್ಷದ ಹಿಂದೆ ಅಕ್ಕನ ಮೊದಲ ಕೂಸಿಗೆ ಹಾಗೆ ಕೂತವಳು ನಾನು. ನಿದ್ದೆ ಹೋದೆ. ದೀಪ ಆರಿತು. ಒಂಬತ್ತನೆಯ ದಿನ ಕೂಸು ಹೋಯಿತು. ಎದೆಯಲ್ಲಿ ಕಫ ಕಟ್ಟಿತ್ತು ಎಂದರು ಡಾಕ್ಟರು. ಅಕ್ಕ ಡಾಕ್ಟರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಕೂಸಿಗೆ ನೀರು ಹಾಕಲು ಖಾಜಾಬೀ ಬಂದಳು. ಹೆರಿಗೆ ಮಾಡಿಸಿದವಳೂ ಅವಳೇ. ಅಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಏನೋ ಗುನುಗುತ್ತಿದ್ದಳು.

ಮೂರು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಒಂದು ಹೆಜ್ಜೆ.

ಕೈಯಲ್ಲಿದ್ದ ಬಿಸಿನೀರಿನ ತಂಬಿಗೆ ಕೆಳಗಿಟ್ಟೆ. "ಅಕ್ಕಾ, ಈ ಹಾಡು ಎಲ್ಲಿ ಕೇಳಿದಿ?"

"ನೀನೇ ಅಂಟಿಸಿ ಈಗ ನನಗ ಕೇಳ್ತಿ?"

"ನಾ ಯಾವಾಗ ಹಾಡೀನಿ?"

"ಬುಧವಾರ ರಾತ್ರಿ. ನಾ ಒಳಗ ಬ್ಯಾನಿ ತಿನ್ನಾಕತ್ತಿದ್ದೆ, ನೀ ಹಿತ್ತಲದಾಗ ನಿಂತು ಗುನುಗುತಿದ್ದಿ. ಎರಡು ಸಲ ಕರದೆ. ಒಳಗ ಬರಲಿಲ್ಲ."

"ಬುಧವಾರ ನಾ ಜಹೀರಾಬಾದನಾಗ ಇದ್ದೆ ಅಕ್ಕಾ. ನಿನ್ನೆ ಬಂದೀನಿ."

"ಹಂಗಂತ ಬುಕ್ಕಿನಾಗ ಬರಕೊಂಡಿ ಏನು?"

ಖಾಜಾಬೀ ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ ಹೇಳಿದಳು, "ನಾನೂ ಕೇಳೀನಿ ಬೇಟಿ. ಖುದಾ ಕಸಂ, ನಿನ್ನ ದನಿನೇ. ಬಾಗಲ ತಗದು ನೋಡ್ದೆ, ಯಾರೂ ಇದ್ದಿಲ್ಲ. ಒಳಗ ಬಂದ ಮ್ಯಾಲ ನನ್ನ ತೆಲಿಯಾಗೂ ಸುರು ಆತು. ನಮಾಜಿಗೆ ಕುಂತ್ರೂ ಬಿಡವಲ್ದು. ನಮ್ಮ ಮುದುಕ ಕೇಳ್ತಾನ, ಈ ವಯಸ್ಸಿನಾಗ ಏನು ನಿನ್ನ ಗಾನಾ-ಬಜಾನಾ ಅಂತ."

ಅವಳು ನಕ್ಕಳು. ಅಕ್ಕ ನಗಲಿಲ್ಲ. ನಾನು ನೋಟ್‌ಬುಕ್ ತೆಗೆದು ನೋಡಿದೆ. ಬುಧವಾರದ ಸಾಲಿನಲ್ಲಿ ಟೆಂಟಿನ ತೆಲುಗು ಹಾಡು, ರಾತ್ರಿ ಹತ್ತಕ್ಕೆ ಬಿಟ್ಟಿತು ಎಂದಿತ್ತು. ಅಂದರೆ ಆ ರಾಗ ನನ್ನ ತಲೆಗೆ ಬರುವ ಮೊದಲೇ ನನ್ನ ದನಿಗೆ ಬಂದಿತ್ತು. ಐವತ್ತು ಕಿಲೋಮೀಟರ್ ದೂರದಲ್ಲಿ ನನ್ನ ದನಿ ಹಾಡಿದ್ದನ್ನು 'ಎಲ್ಲಿ ಕೇಳಿದ್ದು' ಎಂಬ ಕಾಲಮಿನಲ್ಲಿ ನಾನು ಹೇಗೆ ಬರೆದುಕೊಳ್ಳಲಿ?

ಅಂದಿನಿಂದ ಅಕ್ಕ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ನಾನು ಕೋಣೆಗೆ ಕಾಲಿಟ್ಟರೆ ಸೆರಗು ಎಳೆಯುವಳು. ಅನ್ನದ ತಟ್ಟೆ ಒಯ್ದರೆ "ಇಟ್ಟು ಹೋಗು" ಎನ್ನುವಳು.

ಸೋಮವಾರ ಐದನೆಯ ದಿನ. ಅವತ್ತೇ ಪೂರ್ತಿ ಬಂದ್. ಆಯಿ ಹೊಸ ಬುಕ್ಕು ತರಲು ಕಳಿಸಿದಳು. ಊರೆಲ್ಲ ತಿರುಗಿದೆ, ಒಂದು ಅಂಗಡಿಯ ಶಟರೂ ಮೇಲೆದ್ದಿರಲಿಲ್ಲ. ಬರಿಗೈಯಲ್ಲಿ ಬಂದು ಹೇಳಿದೆ, "ನನ್ನ ಬುಕ್ಕಿನಾಗ ಹಿಂದಿಂದೆಲ್ಲ ಖಾಲಿ ಅದ ಆಯಿ. ಒಂದು ಹಾಳಿ ಹರದು ಕೊಡಲ್ಯಾ?"

"ಹರದ ಹಾಳಿ ಇಡ್ತಾರೇನ ಹುಚ್ಚಿ? ಬುಕ್ಕೇ ಇಡು."

ಒಳಗಿನಿಂದ ಅಕ್ಕ ಕೂಗಿದಳು, "ಆಕಿ ಹಾಡಿನ ಲೆಕ್ಕ ನನ್ನ ಮಗನ ತೆಲಿ ಬುಡಕ ಯಾಕಬೇ ಆಯಿ?"

"ಏನೂ ಇಡದಿದ್ರ ಶೆಟಿಗೆವ್ವ ಎದರ ಮ್ಯಾಲ ಬರೀಬೇಕು? ಸುಮ್ಕ ಮಲಕೋ."

ಹೀಗೆ ನನ್ನ ನೋಟ್‌ಬುಕ್ಕು, ನನ್ನ ಶಾಯಿ ಪೆನ್ನು ಮೊರಕ್ಕೆ ಹೋದವು.

ರಾತ್ರಿ ಕರೆಂಟ್ ಇರಲಿಲ್ಲ. ಆಯಿ ಹೊರಗಿನ ಕೋಣೆಯಲ್ಲಿ ಮಲಗಿದಳು. ಅಕ್ಕ, ಕೂಸು ಮಂಚದ ಮೇಲೆ. ಕೂಸಿನ ತಲೆಯ ಕೆಳಗೆ ನೆಲದಲ್ಲಿ ಮೊರ, ಅದರ ಪಕ್ಕ ದೀಪ. ಮಂಚದ ಪಕ್ಕದಲ್ಲಿ, ಮೊರಕ್ಕೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ ನಾನು.

"ಮಲಕೊಂಡ್ರ ನೋಡು," ಎಂದಳು ಅಕ್ಕ. ಗೋಡೆಯ ಕಡೆ ಹೊರಳಿದಳು.

ತಲೆಯಲ್ಲಿ ಹಾಡು ನಡೆಯುತ್ತಲೇ ಇತ್ತು. ಒಂದು ಉಪಾಯ ಹೊಳೆಯಿತು. ಬಳಪದ ತುಂಡು ಹಿಡಿದು, ಹಾಡು ಒಂದು ಸುತ್ತು ಮುಗಿದಾಗಲೆಲ್ಲ ನೆಲದ ಮೇಲೆ ಒಂದು ಗೀಟು ಎಳೆಯತೊಡಗಿದೆ. ನಾಲ್ಕು ಗೀಟು, ಅಡ್ಡ ಒಂದು. ಗೀಟು ಎಳೆಯುವವಳಿಗೆ ನಿದ್ದೆ ಬರಲಾರದು. ಹತ್ತಕ್ಕೆ ಶುರು ಮಾಡಿದೆ. ಒಂದೂವರೆಗೆ ನೂರಾ ಹತ್ತೊಂಬತ್ತು ಗೀಟು.

ನೂರಾ ಇಪ್ಪತ್ತನೆಯದಕ್ಕೆ ಬಳಪ ನೆಲಕ್ಕೆ ಮುಟ್ಟಿಸಿದ್ದೆ. ಹಾಡು ಮೂರು ಹೆಜ್ಜೆ ಇಟ್ಟು... ನಿಂತಿತು.

ನಿಂತೇಹೋಯಿತು.

ನಾಲ್ಕು ದಿನದಲ್ಲಿ ಮೊದಲ ಸಲ ತಲೆಯೊಳಗೆ ಸದ್ದಿಲ್ಲ. ಕಣ್ಣಲ್ಲಿ ನೀರು ಬಂತು. 'ಯಾವಾಗ ಬಿಟ್ಟಿತು' ಎಂಬ ಕಾಲಮಿಗೆ ಬರೆಯಲೆಂದು ಗಡಿಯಾರ ನೋಡಿಕೊಂಡೆ. ಒಂದು ಮೂವತ್ತನಾಲ್ಕು.

ಆಗ ಬೆನ್ನ ಹಿಂದೆ ಉಳಿದ ಒಂದು ಹೆಜ್ಜೆ ಕೇಳಿಸಿತು.

ತಲೆಯಲ್ಲಲ್ಲ. ಕಿವಿಯಲ್ಲಿ. ಕೋಣೆಯಲ್ಲಿ. ಮತ್ತೆ ಮೂರು, ನಿಲುಗಡೆ, ಒಂದು... ಮೆಲ್ಲನೆ, ಬಾಯಿ ಮುಚ್ಚಿ ಗುನುಗುವ ಹೆಣ್ಣುದನಿ. ನನ್ನ ದನಿಯನ್ನು ನಾನು ಟೇಪಿನಲ್ಲಿ ಒಂದೇ ಸಲ ಕೇಳಿದ್ದೆ. ಆದರೂ ಗುರುತು ಹತ್ತಿತು.

ಆರಿದ ಬತ್ತಿಯ ಕಮಟು ವಾಸನೆ ಮೂಗಿಗೆ ಬಡಿಯಿತು. ಎದುರಿನ ಬಾಗಿಲ ಮೇಲೆ ದೀಪದ ಬೆಳಕು ಮಾತ್ರ ಹಾಗೇ ನಿಂತಿತ್ತು, ಅಲುಗದೆ.

ಅಕ್ಕ ಮೊಣಕೈ ಊರಿ ಎದ್ದಳು. "ಬಾಯಿ ಮುಚ್ಚು ಶೈಲಿ. ಕೂಸು ಏಳ್ತದ."

ನಾನು ಓಢಣಿಯ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಮುಖವನ್ನಷ್ಟೇ ಪಕ್ಕಕ್ಕೆ ವಾಲಿಸಿ ಅವಳಿಗೆ ತೋರಿಸಿದೆ.

ಗುನುಗು ನಿಲ್ಲಲಿಲ್ಲ.

ಅಕ್ಕ ನನ್ನ ಬಾಯಿ ನೋಡಿದಳು. ಆಮೇಲೆ ಅವಳ ಕಣ್ಣು ನನ್ನನ್ನು ಬಿಟ್ಟು, ನನ್ನ ಬೆನ್ನ ಹಿಂದೆ ಮೊರವಿದ್ದ ಜಾಗಕ್ಕೆ ಹೋಯಿತು. ಅಲ್ಲೇ ನಿಂತಿತು. ಹಾಡಿನ ನಡುವೆ ಇನ್ನೊಂದು ಸದ್ದು ಸೇರಿತ್ತು. ಕರ್... ಕರ್... ನನ್ನ ಪೆನ್ನಿನ ಮುಳ್ಳು ಸವೆದಿತ್ತು, ಬರೆದರೆ ಹಾಗೇ ಕೆರೆಯುತ್ತಿತ್ತು.

"ಶೈಲಿ..." ಉಸಿರಿನಷ್ಟೇ ದನಿ. "ನಿನ್ನ ಎರಡೂ ಕೈ ತೋರಸು."

ಎತ್ತಿದೆ. ಒಂದರಲ್ಲಿ ಬಳಪ, ಇನ್ನೊಂದು ಖಾಲಿ.

ಕರ್... ಕರ್...

ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗತೊಡಗಿತು.

"ತಿರುಗಿದ್ರ ಕೊಲ್ತೀನಿ," ಎಂದಳು ನನ್ನ ಒಡಹುಟ್ಟಿದ ಅಕ್ಕ. ಕೊಲ್ಲುತ್ತಿದ್ದಳು ಕೂಡ. ಆ ಮುಖ ನೋಡಿದವಳು ನಾನು.

ಕೈ ಎತ್ತಿಕೊಂಡೇ ಕೂತೆ. ಎಷ್ಟು ಹೊತ್ತೋ. ಗಡಿಯಾರ ಕಟ್ಟಿದ ಕೈಯನ್ನು ಇಳಿಸುವ ಧೈರ್ಯ ಬರಲಿಲ್ಲ. ಒಮ್ಮೆ ಹಾಳೆ ಮಗುಚಿದ ಸದ್ದಾಯಿತು. ಮಸೀದಿಯಲ್ಲಿ ಬಾಂಗ್ ಕೂಗುವ ಮೊದಲು ಎಲ್ಲ ನಿಂತಿತು. ಅಷ್ಟು ಹೊತ್ತೂ ಕೂಸು ಅತ್ತಿರಲಿಲ್ಲ. ಮಲಗಿಯೂ ಇರಲಿಲ್ಲ. ಮೊರದ ಕಡೆ ಕತ್ತು ಹೊರಳಿಸಿ ಕಣ್ಣು ಬಿಟ್ಟುಕೊಂಡಿತ್ತು ಎಂದು ಅಕ್ಕ ಆಮೇಲೆ ಹೇಳಿದಳು.

ಬೆಳಕು ಹರಿದಾಗ ಆಯಿ ಬಂದು ಮೊರಕ್ಕೆ ಕೈಮುಗಿದಳು. ಬುಕ್ಕು ತೆರೆದಳು. ಅವಳಿಗೆ ಓದು ಬರುವುದಿಲ್ಲ. ಬೇರೆಯವರ ಮನೆಗಳಲ್ಲಿ ಆ ಹಾಳೆ ಖಾಲಿಯೇ ಇರುತ್ತದೆ, ಶೆಟಿಗೆವ್ವ ಬರೆದದ್ದು ಮನುಷ್ಯರ ಕಣ್ಣಿಗೆ ಕಾಣದು ಎನ್ನುತ್ತಾರೆ.

"ಅಯ್ಯ ನಮ್ಮವ್ವ! ಹಾಳಿ ತುಂಬ ಬರದಾಳ ನೋಡ್ರಿ!" ಆಯಿಯ ಮುಖ ಅರಳಿತು.

ನಾನು ಕೈ ಚಾಚಿದೆ. ಅಕ್ಕ ನನಗಿಂತ ಮೊದಲು ಕಸಿದುಕೊಂಡಳು. ಕೂಸನ್ನು ಎದೆಗೆ ಒತ್ತಿಕೊಂಡು ಓದಿದಳು. ಹಾಳೆ ತಿರುವಿದಳು. ಮತ್ತೆ ಮೊದಲಿನಿಂದ ಓದಿದಳು.

"ಇದು ನಿನ್ನ ಅಕ್ಷರ."

"ನನ್ನ ಕೈ ನೀನೇ ನೋಡಿದ್ಯಲ್ಲ ಅಕ್ಕಾ..."

"ನೋಡೀನಿ. ಅದಕ್ಕೇ ಅಂಜಿಕಿ ಆಗ್ಯಾದ."

"ಏನು ಬರದದ? ನನಗೂ ತೋರಸು."

"ನಿನಗ ಹೇಳಿದ್ರ ನೀ ಬರಕೊಳ್ತಿ." ಬುಕ್ಕನ್ನು ಸೀರೆಯ ಗಂಟಿನೊಳಗೆ ಸುತ್ತಿದಳು. "ನೀ ಬರಕೊಂಡ್ರ ಆಗ್ತದ."

ಮಧ್ಯಾಹ್ನ ಭಾವ ಕಲ್ಲಿನ ಲಾರಿಯೊಂದರಲ್ಲಿ ತಾಂಡೂರಿನಿಂದ ಬಂದರು, ಮಗನನ್ನು ನೋಡಲೆಂದು. ಅಕ್ಕ ಅದೇ ಲಾರಿಗೆ ಹೊರಟು ನಿಂತಳು. ಆಯಿ ಅಡ್ಡ ನಿಂತು ಬಾಯಿ ಮಾಡಿದಳು, "ಆರು ದಿನದ ಬಾಣಂತಿನ ಯಾರರೆ ಲಾರಿಯಾಗ ಒಯ್ತಾರೇನು?" ಅಕ್ಕ ಅವಳನ್ನು ಸರಿಸಿ ನಡೆದಳು. ಕೂಸಿನ ಎರಡೂ ಕಿವಿಗೆ ಹತ್ತಿ ಇಟ್ಟು ಕುಲಾಯಿ ಬಿಗಿದಿದ್ದಳು. ನನ್ನ ಮುಂದೆಯೇ ದಾಟಿ ಹೋಗಿ ಲಾರಿ ಹತ್ತಿದಳು. ನಾನು ಅಲ್ಲಿಲ್ಲವೆಂಬಂತೆ.

ಆ ಹುಡುಗ ಬದುಕಿದ್ದಾನೆ. ಚೆನ್ನಾಗಿ ಓದುತ್ತಾನೆ ಎಂದು ಭಾವ ಫೋನಿನಲ್ಲಿ ಹೇಳುತ್ತಾರೆ. ಖಾಜಾಬೀಯ ತಲೆಯಿಂದಲೂ ಅದೇ ರಾತ್ರಿ ಹಾಡು ಬಿಟ್ಟುಹೋಯಿತಂತೆ. ನಾನು ಹೊಸ ನೋಟ್‌ಬುಕ್ ಮಾಡಿದೆ, ಅದೇ ಐದು ಕಾಲಂ. ಅದರಲ್ಲಿ ಒಂದು ಸಾಲೂ ಇಲ್ಲ. ಆ ರಾತ್ರಿಯ ನಂತರ ಯಾವ ಹಾಡೂ ನನ್ನ ತಲೆಯಲ್ಲಿ ನಿಂತಿಲ್ಲ. ಕೇಳುತ್ತೇನೆ, ಮುಗಿಯುತ್ತದೆ, ಹೋಗುತ್ತದೆ. ನನ್ನ ತಲೆಯ ಬಾಗಿಲನ್ನು ಯಾರೋ ಹೊರಗಿನಿಂದ ಹಾಕಿಕೊಂಡು ಹೋದ ಹಾಗೆ.

ಹುಡುಗನನ್ನು ಇದುವರೆಗೆ ನಾಲ್ಕು ಸಲ ನೋಡಿದ್ದೇನೆ. ಮೊದಲ ಮೂರು ಸಲವೂ ನಾನು ಮಾತಾಡಲು ಬಾಯಿ ತೆರೆದ ಕೂಡಲೇ ಅಕ್ಕ ತನ್ನ ಅಂಗೈಗಳಿಂದ ಅವನ ಕಿವಿ ಮುಚ್ಚಿದಳು. ಎಷ್ಟೋ ಸಲ ಅವಳ ಮೇಲೆ ಸಿಟ್ಟು ಬಂದಿದೆ. ಬುಕ್ಕನ್ನು ಏನು ಮಾಡಿದಿ ಎಂದು ಕೇಳಿದ್ದೇನೆ. ಅದು ಎಲ್ಲಿದೆ ಎಂದು ಇಂದಿಗೂ ನನಗೆ ಗೊತ್ತಿಲ್ಲ.

ನಾಲ್ಕನೆಯ ಸಲ, ತಾಂಡೂರಿನಲ್ಲಿ, ಒಂದು ಮದುವೆಯಲ್ಲಿ. ಅಕ್ಕ ಊಟದ ಸಾಲಿನಲ್ಲಿದ್ದಳು. ಹುಡುಗ ಒಬ್ಬನೇ ಕುರ್ಚಿಯ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದ. ನಾನು ಎದುರು ಹೋಗಿ ನಿಂತೆ. ಮಾತಾಡಲಿಲ್ಲ. ಬೇಕೆಂದೇ ತುಟಿ ಬಿಗಿ ಹಿಡಿದು, ಸುಮ್ಮನೆ ನಕ್ಕೆ.

ಅವನು ನನ್ನನ್ನು ನೋಡಿದ. ಕಾಲು ಅಲ್ಲಾಡಿಸುವುದು ನಿಂತಿತು. ಮೆಲ್ಲಗೆ ಎರಡೂ ಕೈ ಎತ್ತಿ, ತಾನಾಗಿಯೇ ಕಿವಿ ಮುಚ್ಚಿಕೊಂಡ.

"ಯಾಕೋ?" ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವನ ಅಮ್ಮ ಬರುವವರೆಗೂ ಅವನು ಕೈ ತೆಗೆಯಲಿಲ್ಲ. ಅಷ್ಟು ಹೊತ್ತೂ ನನ್ನ ಬಾಯಿ ಮುಚ್ಚಿಯೇ ಇತ್ತು, ಆ ರಾತ್ರಿಯ ಹಾಗೆ.