ಬಾಗಲಕೋಟೆಯಿಂದ ಬಂದ ಕೆಂಪು ಅಂಚು

ಇದು ನಡೆದದ್ದು 2008ರಲ್ಲಿ. ಆಗ ನಾನು ಬಿ.ಟಿ.ಎಂ. ಲೇಔಟಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಂಪನಿ ಎಂದರೆ ಬೇಕರಿಯ ಮೇಲಿನ ಒಂದೇ ಕೋಣೆ, ಅದರೊಳಗೆ ನಾವು ಮೂರು ಜನ. ಜಯನಗರದ ನಾಗರಾಜ್ ಮಾಲೀಕರು. ನಾನು ಚಿಕ್ಕಲಸಂದ್ರದಿಂದ ಬಸ್ಸು ಹಿಡಿದು ಬರುತ್ತಿದ್ದೆ. ಇನ್ನೊಬ್ಬಳು ರೇಣುಕಾ, ಬಾಗಲಕೋಟೆಯ ಹುಡುಗಿ. ಹಿಂದಿನ ರಸ್ತೆಯಲ್ಲೇ ಗೆಳತಿಯರ ಜೊತೆ ಬಾಡಿಗೆ ಮನೆ ಮಾಡಿಕೊಂಡಿದ್ದಳು. ಪರಿಚಯವಾದ ವಾರದಲ್ಲೇ ನಾನು ಅವಳಿಗೆ ವಸಂತಕ್ಕ ಆಗಿಬಿಟ್ಟೆ. ಮಧ್ಯಾಹ್ನ ಅವಳ ಡಬ್ಬಿಯ ಶೇಂಗಾ ಚಟ್ನಿಗೆ ನಾನು ಕೈ ಹಾಕುವುದು, ನನ್ನ ಡಬ್ಬಿಯ ಸಾರನ್ನಕ್ಕೆ ಅವಳು ಕೈ ಹಾಕುವುದು ರೂಢಿಯಾಗಿತ್ತು.

ನಮ್ಮ ಕೆಲಸದ ಫೈಲುಗಳೆಲ್ಲ ಮೂಲೆಯಲ್ಲಿದ್ದ ಒಂದು ಕಂಪ್ಯೂಟರಿನಲ್ಲಿರುತ್ತಿದ್ದವು. ಯಾವುದೇ ಫೈಲು ತೆರೆಯುವ ಮೊದಲು, "ಇದನ್ನ ನಾನು ತಗೊಂಡಿದೀನಿ, ಯಾರೂ ಮುಟ್ಬೇಡಿ" ಎಂದು ಕೂಗಬೇಕು. ಒಂದು ದಿನ ಕೆಳಗೆ ಹಿಟ್ಟು ಕಲಸುವ ಯಂತ್ರದ ಸದ್ದಿನಲ್ಲಿ ನನ್ನ ಕೂಗು ರೇಣುಕಾಗೆ ಕೇಳಲಿಲ್ಲ. ಇಬ್ಬರೂ ಒಂದೇ ಫೈಲನ್ನು ತಿದ್ದಿದೆವು. ಕೊನೆಗೆ ಸೇವ್ ಮಾಡಿದವಳು ಅವಳು, ನಾನು ಬೆಳಗಿನಿಂದ ಮಾಡಿದ್ದೆಲ್ಲ ಹೋಯಿತು. "ಅಯ್ಯ ಅಕ್ಕಾ, ನಿಮ್ಮ ಕೆಲಸಾನ ನಾ ನುಂಗಿಬಿಟ್ನಲ್ರಿ!" ಎಂದು ತಲೆ ಮೇಲೆ ಕೈ ಹೊತ್ತಳು. ಆಮೇಲೆ ಪಕ್ಕದಲ್ಲೇ ಕೂತು ಅದನ್ನೆಲ್ಲ ಮತ್ತೆ ಬರೆಯಲು ಸಹಾಯ ಮಾಡಿದಳು.

ಅವತ್ತಿನಿಂದ ಅವಳದು ಒಂದೇ ಮಾತು. ಕೋಡನ್ನು ಇಂಟರ್ನೆಟ್ಟಿನಲ್ಲಿ ಇಟ್ಟುಕೊಂಡು, ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನೆಲ್ಲ ಕಾಯ್ದುಕೊಡುವ ವರ್ಷನ್ ಕಂಟ್ರೋಲ್ ಸೇವೆಗಳು ಬಂದಿವೆ, ನಾವೂ ಒಂದನ್ನು ತೆಗೆದುಕೊಳ್ಳೋಣ ಎಂದು. ನಾಗರಾಜ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಊರಿನಿಂದ ಫೋನು ಬಂತು. ರೇಣುಕಾಳ ತಂದೆಗೆ ಲಕ್ವ ಹೊಡೆದಿತ್ತು.

"ಅಪ್ಪಗ ಎಡಗೈ ಎತ್ತಾಕ ಬರವಲ್ದಂತ್ರಿ ಸರ್. ಅವ್ವ ಒಬ್ಬಾಕಿನ ಅದಾಳ. ನಾ ಹೋಗಬೇಕ್ರಿ" ಎಂದಳು. ಯಾವಾಗ ಬರುತ್ತೀಯ ಎಂದು ಕೇಳುವ ಹಾಗಿರಲಿಲ್ಲ.

ನಾಗರಾಜ್ ಒಳ್ಳೆಯ ಮನುಷ್ಯ, ಆದರೆ ಅವರಿಗೂ ದಿಕ್ಕು ತೋಚಲಿಲ್ಲ. "ಹೋಗ್ಬೇಡಿ ಅನ್ನಕ್ಕಾಗಲ್ಲ ರೇಣುಕಾ. ಆದ್ರೆ ಕೋಡೆಲ್ಲ ಇಲ್ಲಿ, ನೀವು ಅಲ್ಲಿ. ಕೆಲಸ ಹೇಗೆ ನಡೆಯತ್ತೆ?"

ನಾನು ಬಾಯಿ ಹಾಕಿದೆ. "ಸಾರ್, ಅವಳು ಹೇಳ್ತಿದ್ದ ಆ ಆನ್‌ಲೈನ್ ಸರ್ವಿಸ್ ನೋಡೋಣ. ಆಗ ಎಲ್ಲಿಂದಾದ್ರೂ ಮಾಡಬಹುದು."

"ಅಲ್ಲ ಕಣ್ರೀ ವಸಂತಾ, ಕಸ್ಟಮರ್ ನಮ್ಮನ್ನ ನಂಬಿ ಕೊಟ್ಟಿರೋದು. ನಾವು ಮುಖಾನೇ ನೋಡ್ದಿರೋ ಯಾರದೋ ಮೆಷಿನ್ನಲ್ಲಿ ತಗೊಂಡೋಗಿ ಇಡೋದಾ?" ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿ, "ಸರಿ, ನಾವು ಮಾಡ್ತಿರೋ ಸೀರೆ ಅಂಗಡಿ ಸೈಟು ವರಮಹಾಲಕ್ಷ್ಮಿ ಹಬ್ಬಕ್ಕೆ ಓಪನ್ ಆಗ್ಬೇಕು. ಅಲ್ಲೀವರೆಗೂ ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ತಗೊಳ್ಳಲೇಬೇಕಾಗತ್ತೆ" ಎಂದರು.

ರೇಣುಕಾ ತನ್ನ ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದಳು. ಸೇವೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಸಿಕ್ಕಿದ್ದು ಉಚಿತವಾಗಿತ್ತು, ಆದರೆ ಅಲ್ಲಿಟ್ಟಿದ್ದನ್ನು ಲೋಕದವರೆಲ್ಲ ನೋಡಬಹುದು. ನಾಗರಾಜ್ ಸುತರಾಂ ಒಪ್ಪಲಿಲ್ಲ. ಇನ್ನೊಂದರಲ್ಲಿ ಎಲ್ಲ ಗುಟ್ಟಾಗಿರುತ್ತಿತ್ತು, ಒಳ್ಳೆಯ ಹೆಸರೂ ಇತ್ತು. ಅದರಲ್ಲೇ ಶುರು ಮಾಡಿದೆವು. ಬಿ.ಟಿ.ಎಂ.ನಲ್ಲಿ ಸಲೀಸಾಗಿ ನಡೆಯಿತು. ಆದರೆ ಚಿಕ್ಕಪುಟ್ಟದಕ್ಕೂ ಅದಕ್ಕೆ ಇಂಟರ್ನೆಟ್ ಬೇಕು, ರೇಣುಕಾಳ ಮನೆಯ ಲೈನು ಇದ್ದಕ್ಕಿದ್ದಂತೆ ಹೋಗಿಬಿಡುತ್ತಿತ್ತು. "ಅಕ್ಕಾ, ಮತ್ತ ಹೋತ್ರಿ" ಎಂದು ಫೋನು ಮಾಡುವಳು. ದಿನ ಕಳೆದಂತೆ ಆ ದನಿ ಸಣ್ಣದಾಗುತ್ತ ಬಂತು. ಒಂದು ಮಧ್ಯಾಹ್ನ ಹೊಸ ಹುಡುಗಿಯೊಬ್ಬಳು ಇಂಟರ್‌ವ್ಯೂಗೆ ಬಂದಳು. ನಾನು ಆವತ್ತು ಡಬ್ಬಿ ತೆರೆಯಲಿಲ್ಲ.

ಆ ಹೊತ್ತಿಗೆ, ಆಗಷ್ಟೇ ಶುರುವಾಗಿದ್ದ ಮತ್ತೊಂದು ಸೇವೆ ಕಣ್ಣಿಗೆ ಬಿತ್ತು. ಅದರಲ್ಲಿ ಕೆಲಸದ ಪೂರ್ತಿ ನಕಲು ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇರುತ್ತದೆ. ಲೈನ್ ಇಲ್ಲದಾಗಲೂ ಕೆಲಸ ಮಾಡುತ್ತಿರಬಹುದು, ಲೈನ್ ಬಂದಾಗ ತಿದ್ದಿದ್ದಷ್ಟನ್ನು ಕಳಿಸಿದರಾಯಿತು. ದುಡ್ಡು ಕೊಟ್ಟರೆ ಎಲ್ಲವನ್ನೂ ಗುಟ್ಟಾಗಿಯೂ ಇಡಬಹುದಿತ್ತು. ನಮಗೆ ಗೊತ್ತಿದ್ದವರು ಯಾರೂ ಅದನ್ನು ಬಳಸುತ್ತಿರಲಿಲ್ಲ. ನಾಗರಾಜರನ್ನು ಹೇಗೋ ಒಪ್ಪಿಸಿದೆ. ಮೊದಲ ನಕಲು ಅವಳ ಲೈನಿನಲ್ಲಿ ಇಳಿಯದಷ್ಟು ದೊಡ್ಡದಿತ್ತು. ಅದನ್ನು ಸಿ.ಡಿ.ಗೆ ಹಾಕಿ, ಊರಿಗೆ ಹೊರಟಿದ್ದ ರೇಣುಕಾಳ ಗೆಳತಿಯ ಕೈಯಲ್ಲಿ ಕಳಿಸಿದೆ.

ಹಬ್ಬ ಹತ್ತಿರ ಬಂದಿತ್ತು. ಪುಟದ ಹಸಿರು ಅಂಚನ್ನು ಕೆಂಪು ಮಾಡಿ ಎಂದು ಸೀರೆ ಅಂಗಡಿಯವರು ಹೇಳಿದ್ದರು. ಅದನ್ನು ರೇಣುಕಾಗೇ ಬಿಟ್ಟೆ. ಮಧ್ಯಾಹ್ನ ಅವಳ ಫೋನು ಬಂತು.

"ಕಳ್ಸೇನ್ರಿ ಅಕ್ಕಾ. ನೋಡ್ರಿ."

ನಾನು ಕಂಪ್ಯೂಟರಿಗೆ ಆದೇಶ ಕೊಟ್ಟು ಕಾದೆ. ಏನೂ ಆಗಲಿಲ್ಲ. ನಾಗರಾಜ್ ಎದ್ದು ಬಂದು ನನ್ನ ಹಿಂದೆ ನಿಂತರು. ಆಮೇಲೆ ಪರದೆಯ ಮೇಲೆ ಅವಳ ಹೆಸರು ಮೂಡಿತು. ಪುಟವನ್ನು ಮತ್ತೆ ತೆರೆದೆ. ಅಂಚು ಕೆಂಪಗಾಗಿತ್ತು.

"ಬಂತೇನ್ರಿ?"

"ಬಂತು ಕಣೇ, ಬಂತು!"

ನಾಗರಾಜ್ ನನ್ನ ಕೈಯಿಂದ ಫೋನು ತೆಗೆದುಕೊಂಡರು. "ರೇಣುಕಾ, ಕೆಂಪು ಸ್ವಲ್ಪ ಜಾಸ್ತಿ ಆಯ್ತು. ನಾಳೆ ಕಮ್ಮಿ ಮಾಡಿ" ಎಂದರು. ನಾಳೆ ಎಂದರೆ ಕೆಲಸ ಉಳಿಯಿತು ಎಂದೇ ಅರ್ಥ, ಆ ಕಡೆ ಬಿಕ್ಕುವ ಸದ್ದಾಯಿತು. ಅವರು ಗಾಬರಿಯಾಗಿ ಫೋನನ್ನು ನನಗೆ ಕೊಟ್ಟರು. ಅವಳು ಅಳುತ್ತಿದ್ದಳು. ನಾನೂ ಅತ್ತೆ.

ಸೀರೆ ಅಂಗಡಿಯ ಸೈಟು ಹಬ್ಬಕ್ಕೆ ತೆರೆಯಿತು. ರೇಣುಕಾ ತಂದೆಯ ಕೈಗೆ ಎಣ್ಣೆ ತಿಕ್ಕಿ, ಅವರಿಗೆ ಉಣ್ಣಿಸಿ, ಆಮೇಲೆ ಕೆಲಸಕ್ಕೆ ಕೂರುತ್ತಿದ್ದಳು. ನಿಧಾನವಾಗಿ ಅವರು ಕೋಲು ಹಿಡಿದು ನಡೆಯುವಂತಾದರು.

ಮುಂದಿನ ವರ್ಷ ನಾನು ಬರುವ ದಾರಿಯಲ್ಲಿ ರಸ್ತೆ ಅಗೆದರು, ಬಸ್ಸು ಸುತ್ತಿ ಬಳಸಿ ಬರತೊಡಗಿತು. ಒಂದು ದಿನ ಮನೆಯಿಂದಲೇ ಕೆಲಸ ಮಾಡಲೇ ಎಂದು ಕೇಳಿದೆ. ನಾಗರಾಜ್ ಆಗಲಿ ಎಂದರು. ಆ ಒಂದು ದಿನ ಹಲವು ದಿನಗಳಾಯಿತು. ಅವರೂ ಬರುವುದನ್ನು ಕಡಿಮೆ ಮಾಡಿದರು. ಯಾರೂ ಬರದ ಕೋಣೆ ಯಾಕೆ ಎಂದು ಕೊನೆಗೆ ಬಿಟ್ಟುಕೊಟ್ಟರು. ಜಗಳವಿಲ್ಲ, ನಷ್ಟವಿಲ್ಲ. ಕೆಲಸವೂ ನಿಲ್ಲಲಿಲ್ಲ.

ಈ ಸುದ್ದಿಯನ್ನು ರೇಣುಕಾಗೆ ಫೋನಿನಲ್ಲಿ ಮಾತಿನ ನಡುವೆ ಹೇಳಿದೆ.

"ಅಕ್ಕಾ, ಅಪ್ಪ ಪೂರ್ತಿ ಆರಾಮಾದ ಮ್ಯಾಲೆ ಹೊಳ್ಳಿ ಬರ್ತೀನಿ ಅನ್ಕೊಂಡಿದ್ನಿರಿ. ನೀವು ಅಲ್ಲೇ ಕುಂತಿರ್ತೀರಿ ಅಂತ ಇಲ್ಲಿ ಧೈರ್ಯಾ ಇತ್ತು. ಇನ್ನ ಹೊಳ್ಳಿ ಎಲ್ಲಿಗೆ ಬರ್ಲಿ?"

"ನಮ್ಮನೆಗೆ ಬಾ" ಎಂದೆ. "ಬರ್ತೀನ್ರಿ" ಎಂದಳು.

ನಾವು ಮಾಡಿದ ಆಯ್ಕೆ ತಪ್ಪು ಎಂದು ನನಗೆ ಈಗಲೂ ಅನಿಸುವುದಿಲ್ಲ. ಅವಳು ತಂದೆಯ ಬಳಿ ಇರುವಂತಾಯಿತು, ಅದು ಸಣ್ಣದಲ್ಲ. ಆದರೆ ಒಬ್ಬಳೇ ಊಟಕ್ಕೆ ಕೂತಾಗ ಅವಳ ಪ್ರಶ್ನೆ ನೆನಪಾಗಿ ತುತ್ತು ಕೈಯಲ್ಲೇ ನಿಲ್ಲುತ್ತದೆ. ಅವಳ ಕೆಲಸ ಇವತ್ತಿಗೂ ದಿನಾ ನನ್ನ ಕಂಪ್ಯೂಟರಿಗೆ ಬರುತ್ತದೆ. ಅವಳೊಮ್ಮೆ ಬಂದರೆ ಸಾಕು.