ಹೊಸ್ತಿಲ ಹೊರಗೆ ನಿಲ್ಲುತ್ತಿದ್ದ ಅಯ್ಯಾದ್

ನೈಲ್ ದಡದ ನಜ್ಲತ್ ಹನೀನ್ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಉಸ್ತಾ ಅಯ್ಯಾದ್ ಎಲ್ಲಿದ್ದಾನೆಂದು ಹುಡುಕುವ ಕೆಲಸವಿರಲಿಲ್ಲ. ಅವನು ಬೀದಿಯ ತುದಿಯಲ್ಲೇ ಇರುತ್ತಿದ್ದ. ಬೆಂಚುಗಳನ್ನು ಹೊತ್ತು ತಂದು ಗೋಡೆಯ ನೆರಳಿಗೆ ಸಾಲಾಗಿ ಹಾಕುತ್ತಿದ್ದ, ದೊಡ್ಡ ಪಾತ್ರೆಯಲ್ಲಿ ಚಹಾ ಕಾಯಿಸುತ್ತಿದ್ದ, ದೂರದ ಊರಿನಿಂದ ಬಂದ ನೆಂಟರಿಗೆ ದಾರಿ ತೋರಿಸುತ್ತಿದ್ದ. ಸತ್ತವರ ಮನೆಯ ಹೊಸ್ತಿಲನ್ನು ಮಾತ್ರ ದಾಟುತ್ತಿರಲಿಲ್ಲ. ಚರ್ಚಿನ ಪೂಜೆಯಲ್ಲಿ ಹಾಡುವ ಉಪಯಾಜಕರಲ್ಲಿ ಅವನೂ ಒಬ್ಬ. ಶವಪೆಟ್ಟಿಗೆ ಬಂದಾಗ ಉಳಿದವರೆಲ್ಲ ಅದರ ಸುತ್ತ ನಿಂತು ಹಾಡಿದರೆ, ಅಯ್ಯಾದ್ ಕಟ್ಟಕಡೆಯ ಕಂಬದ ಮರೆಯಿಂದ ದನಿ ಸೇರಿಸುತ್ತಿದ್ದ. ದನಿ ಚೆನ್ನಾಗಿತ್ತು. ಹಾಗಾಗಿ ಯಾರೂ ಏನೂ ಅನ್ನುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಚಿಕ್ಕವನಿದ್ದಾಗ ಅವನು ಅಜ್ಜಿಯ ಪಕ್ಕದಲ್ಲಿ ಮಲಗುತ್ತಿದ್ದ. ಒಂದು ಬೆಳಿಗ್ಗೆ ಎಚ್ಚರವಾದಾಗ ಅಜ್ಜಿಯ ಕೈ ಅವನ ಎದೆಯ ಮೇಲಿತ್ತು. ಎತ್ತಿ ಪಕ್ಕಕ್ಕಿಡಲು ಹೋದರೆ ಅದು ಸೆಟೆದುಹೋಗಿತ್ತು, ಮಡಚಿಕೊಳ್ಳಲಿಲ್ಲ. ದೊಡ್ಡವರು ಬಂದು ಬಿಡಿಸುವವರೆಗೆ ಅವನು ಅದರ ಕೆಳಗೇ ಇದ್ದ. ಆಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ, ಅವನೂ ಹೇಳಲಿಲ್ಲ. ತಾಯಿ ಸತ್ತ ದಿನವೂ ಅವನು ಮಾಳಿಗೆಯ ಮೇಲೆ ಒಣಹಾಕಿದ ಜೋಳದ ತೆನೆಗಳ ನಡುವೆ ಕೂತಿದ್ದ, ಕೆಳಗೆ ಇಳಿದಿರಲಿಲ್ಲ.

ಉಳಿದಂತೆ ಅವನು ಗಟ್ಟಿ ಆಸಾಮಿ. ನೈಲ್ ನದಿಯ ಪಶ್ಚಿಮ ದಡದ ಆ ಊರುಗಳಲ್ಲಿ ಹೊಲಕ್ಕೆ ನೀರೆತ್ತುವ ಡೀಸೆಲ್ ಪಂಪು ಕೆಟ್ಟರೆ ಅವನೇ ಬರಬೇಕು. ಮುಸಲ್ಮಾನರ ಹೊಲವೋ ಕಾಪ್ಟಿಕ್ ಕ್ರೈಸ್ತರ ಹೊಲವೋ, ಎಲ್ಲರಿಗೂ ಅವನು ‘ಉಸ್ತಾ’, ಕಸುಬು ಬಲ್ಲವನು. ಹೆಂಡತಿ ಎನಾಯತ್, ಮಗ ಮಲಾಕ್, ಇಬ್ಬರು ಹೆಣ್ಣುಮಕ್ಕಳು. ಮೈಯೆಲ್ಲ ಎಣ್ಣೆ ಮೆತ್ತಿಕೊಂಡು ಸಂಜೆ ಮನೆಗೆ ಬಂದವನು ಕೈ ತೊಳೆದು, ರೊಟ್ಟಿ ತಿಂದು, ಹೆಂಡತಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಹಾಡು ಗುನುಗುವುದು, ಅದೇ ಅವನ ಸುಖ.

ಎಲ್ಲರೂ ‘ಅಬೂನಾ’, ನಮ್ಮಪ್ಪ, ಅನ್ನುತ್ತಿದ್ದ ಊರಿನ ಮುದಿ ಪಾದ್ರಿ ಅಂದ್ರಾವೂಸ್ ತೀರಿಕೊಂಡ ವರ್ಷ ಈ ಸುಖ ಕದಡಿತು. ಕಾಪ್ಟಿಕ್ ಕ್ರೈಸ್ತರಲ್ಲಿ ಪಾದ್ರಿಯನ್ನು ಆರಿಸುವವರು ಊರಿನವರೇ. ಆರಿಸಿದವನು ಮದುವೆಯಾದ ಗೃಹಸ್ಥನೇ ಆಗಿರಬೇಕು. ಬಿಷಪ್ಪರು ಒಪ್ಪಿ ತಲೆಯ ಮೇಲೆ ಕೈಯಿಟ್ಟರೆ ಮುಗಿಯಿತು. ಚರ್ಚಿನ ಹಿರಿಯ ಶೆಹಾತಾ ಮೂರ್ನಾಲ್ಕು ಜನರನ್ನು ಕಟ್ಟಿಕೊಂಡು ಅಯ್ಯಾದನ ಅಂಗಳಕ್ಕೆ ಬಂದು, ಬಿಚ್ಚಿಟ್ಟ ಇಂಜಿನ್ನಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

“ಅಬೂನಾ ಹೋಗೋ ಮುಂಚೆ ನಿನ್ ಹೆಸ್ರು ಹೇಳಿದ್ರು ಕಣಯ್ಯ,” ಅಂದ ಶೆಹಾತಾ. “ಊರೂ ಅದನ್ನೇ ಹೇಳ್ತಿದೆ.”

“ಅಬೂನಾಗೆ ಕೊನೆಕೊನೆಗೆ ಹೆಸ್ರುಗಳೆಲ್ಲ ಕಲಸಿಹೋಗಿದ್ವು. ನನ್ನ ಎಮ್ಮೇನೂ ಮಲಾಕ್ ಅಂತ ಕರೀತಿದ್ರು.”

“ನಗಿಸಿ ತಪ್ಪಿಸ್ಕೋಬೇಡ.”

ಅಯ್ಯಾದ್ ನಗಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ, ಮತ್ತೆ ಒರೆಸಿದ. “ಶೆಹಾತಣ್ಣ, ನಿನ್ನ ತಮ್ಮ ಸತ್ತಾಗ ನಾನೆಲ್ಲಿದ್ದೆ?”

“ಚಹಾ ಕಾಯಿಸ್ತಿದ್ದೆ.”

“ಪಾದ್ರಿ ಚಹಾ ಕಾಯಿಸಿದ್ರೆ ಸಾಕಾ?”

“ಅದು ನಮಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ಬಂದಿದೀವಿ,” ಅಂದು ಶೆಹಾತಾ ಎದ್ದುಹೋದ.

ಮರುದಿನ ಅಯ್ಯಾದ್ ಹೆಂಡತಿಗೆ, ಅಲೆಕ್ಸಾಂಡ್ರಿಯಾದಲ್ಲಿ ಕೆಲಸವಿದೆ ಅಂದು ರೈಲು ಹತ್ತಿದ. ಕೆಲಸವೇನೂ ಇರಲಿಲ್ಲ, ಅಲ್ಲಿ ಅಕ್ಕನ ಮನೆಯಿತ್ತು. ಪಾದ್ರಿಯಾಗಬೇಕಾದವರು ಹೀಗೆ ಓಡಿಹೋಗುವುದು ಆ ಸೀಮೆಯಲ್ಲಿ ಹೊಸದಲ್ಲ. ಅಕ್ಕ ತಮ್ಮನ ಮುಖ ನೋಡಿದವಳೇ ವಿಷಯ ಊಹಿಸಿ, “ಯಾರ ಮೇಲೆ ಕಣ್ಣು ಬಿತ್ತು? ನಿನ್ನ ಮೇಲಾ? ಅಯ್ಯೋ ದೇವರೇ, ಊರಲ್ಲಿ ಗಂಡಸರೇ ಮುಗಿದುಹೋದ್ರಾ,” ಅಂದು ಕರಿದ ಮೀನು ಬಡಿಸಿದಳು. ಅವನು ಬಂದರಿನ ಹತ್ತಿರದ ಒಂದು ಗ್ಯಾರೇಜಿನಲ್ಲಿ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡಿದ. ಭಾನುವಾರ ಗುರುತಿಲ್ಲದ ಚರ್ಚಿನಲ್ಲಿ ಗುರುತಿಲ್ಲದ ಜನರ ಹಿಂದೆ ನಿಂತ. ಅಲ್ಲಿ ಯಾರೂ ಅವನನ್ನು ಏನೂ ಕೇಳಲಿಲ್ಲ. ಮೊದಮೊದಲು ಅದು ಹಿತವೆನಿಸಿತು. ಬರಬರುತ್ತಾ ಬಾಯಿಗೆ ಹಾಡು ಬರುವುದೇ ನಿಂತಿತು. ಲಾರಿಯ ಕೆಳಗೂ ಬರಲಿಲ್ಲ, ಚರ್ಚಿನಲ್ಲೂ ಬರಲಿಲ್ಲ.

ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಶುರುವಾಗುವ ಮೊದಲು ಎನಾಯತ್ ಬಂದಳು. ಜಿಲ್ಲೆ ದಾಟಿ ಹೋದವಳೇ ಅಲ್ಲ. ತಲೆಯ ಮೇಲೊಂದು ಬುಟ್ಟಿ, ಅದರಲ್ಲಿ ಊರಿನ ಬಿಸಿಲಲ್ಲಿ ಉಬ್ಬಿಸಿ ಸುಟ್ಟ ರೊಟ್ಟಿಗಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ. ಸಮುದ್ರ ನೋಡಬೇಕು ಅಂದಳು. ಇಬ್ಬರೂ ಹೋಗಿ ದಂಡೆಯ ಕಲ್ಲುಗೋಡೆಯ ಮೇಲೆ ಕೂತರು.

“ಬಿಷಪ್ಪರು ಮನೆಗೆ ಬಂದಿದ್ರು,” ಅಂದಳು ಎನಾಯತ್.

“ನಮ್ಮನೆಗಾ?”

“ನಿಮ್ಮ ಇಂಜಿನ್ನಿಗೇ ಅವರ ನಿಲುವಂಗಿ ತಗಲಿ ಎಣ್ಣೆ ಆಯ್ತು. ನನ್ನನ್ನೇ ಕೇಳಕ್ಕೆ ಬಂದಿದ್ರು. ಹೆಂಡ್ತಿ ಒಪ್ಪದಿದ್ರೆ ದೀಕ್ಷೆ ಇಲ್ಲವಂತೆ.”

“ಏನಂದೆ?”

“ನನಗೂ ಹೆದರಿಕೆ ಅಂದೆ. ಇನ್ಮೇಲೆ ನಮ್ಮನೆ ಬಾಗ್ಲಿಗೆ ಅಗುಳಿ ಹಾಕೋಹಾಗಿಲ್ಲ, ಊರಿನ ಜಗಳವೆಲ್ಲ ನನ್ನ ಅಡುಗೆಮನೇಲೇ ಕೂರುತ್ತೆ, ನೀವು ಉಣ್ಣೋಕೆ ಕೂತಾಗ್ಲೇ ಯಾರೋ ಕರೀತಾರೆ. ಇದೆಲ್ಲ ಹೇಳ್ದೆ. ಹೇಳಿ, ನಾನು ಒಪ್ಪಿದೀನಿ ಅಂದೆ.”

ಅಯ್ಯಾದ್ ಅವಳತ್ತ ತಿರುಗಿದ.

“ನನ್ನ ಮಾತು ನಾನು ಹೇಳ್ದೆ, ಮಲಾಕ್‌ನಪ್ಪಾ. ನಿಮ್ಮ ಮಾತು ನೀವೇ ಹೇಳ್ಬೇಕು. ಆಗಲ್ಲ ಅನ್ನೋದಿದ್ರೂ ಅವರ ಮುಖ ನೋಡಿ ಅನ್ನಿ. ಅಕ್ಕನ ಮನೇಲಿ ಬಚ್ಚಿಟ್ಕೊಂಡು ಅಲ್ಲ.”

ಅವಳು ಬುಟ್ಟಿಯಿಂದ ರೊಟ್ಟಿ ತೆಗೆದು ಮುರಿದು ಅರ್ಧ ಕೊಟ್ಟಳು. ಗಾಳಿಗೆ ಅದರ ಮೇಲೆ ಉಪ್ಪುಹನಿ ಬೀಳುತ್ತಿತ್ತು. ಇಬ್ಬರೂ ತಿಂದು ಮುಗಿಸಿದರು. ಊರಿಗೆ ಹೋಗೋಣ ಅಂತ ಅವನೇ ಅಂದ.

ಬಿಷಪ್ಪರು ತೆಳ್ಳಗಿನ ವಯಸ್ಸಾದ ಮನುಷ್ಯ, ಮೆಲುದನಿಯವರು. ಅಯ್ಯಾದ್ ಅವರೆದುರು ನಿಂತು ಅಜ್ಜಿಯ ಕೈಯ ವಿಷಯವನ್ನು ಹೇಳಿದ. ಜೀವನದಲ್ಲಿ ಅದೇ ಮೊದಲು. ಎನಾಯತಳಿಗೂ ಅವನು ಹೇಳಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅವಳು ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

“ಅಬೂನಾ ಅಂದ್ರಾವೂಸ್‌ಗೆ ಇದು ಗೊತ್ತಿತ್ತಾ?” ಬಿಷಪ್ಪರು ಕೇಳಿದರು.

“ಇಲ್ಲ. ನಾನು ಒಳಗೆ ಬರಲ್ಲ ಅನ್ನೋದು ಗೊತ್ತಿತ್ತು. ಒಂದ್ಸಲ ಕೂಡ ಬಾ ಅಂತ ಕರೀಲಿಲ್ಲ.”

“ನಾನು ಕರೀತಿದೀನಿ.”

“ಹೆದರಿಕೆ ಹೋಗಿಲ್ಲ, ಸ್ವಾಮಿಗಳೇ.”

“ಹೆದರಿಕೆ ಹೋದ ಮೇಲೆ ಬಾ ಅಂತ ನಾನು ಎಲ್ಲರಿಗೂ ಅಂದಿದ್ರೆ ಈ ಸೀಮೇಲಿ ಒಬ್ಬ ಪಾದ್ರೀನೂ ಇರ್ತಿರಲಿಲ್ಲ. ನನಗೆ ಜೋರಾಗಿ ಮಾತಾಡೋರನ್ನ ಕಂಡ್ರೆ ಈಗಲೂ ಹೆದರಿಕೆ. ನಿಮ್ಮೂರಿನ ಶೆಹಾತಾ ಬಂದು ಹೋದ ದಿನ ನಾನು ಊಟ ಮಾಡಲ್ಲ.” ಆಮೇಲೆ ನಗು ಬಿಟ್ಟು, “ಕರೆದಿರೋದು ನಾನೊಬ್ಬನೇ ಆಗಿದ್ರೆ ಓಡಿಹೋಗಪ್ಪ, ನಾನೇ ಟಿಕೆಟ್ ತೆಗೆಸಿಕೊಡ್ತೀನಿ. ಮನೆಗೆ ಹೋಗಿ ಪ್ರಾರ್ಥನೆ ಮಾಡಿ ನೋಡು,” ಅಂದರು.

ಅವನು ಮನೆಗೆ ಹೋಗಲಿಲ್ಲ. ಪಕ್ಕದಲ್ಲೇ ಇದ್ದ ಚರ್ಚಿನೊಳಗೆ ಹೋಗಿ ಚಾಪೆಯ ಮೇಲೆ ಮೊಣಕಾಲೂರಿದ. ಬಹಳ ಹೊತ್ತು ಏನೂ ಬೇಡಿಕೊಳ್ಳಲು ತೋಚಲಿಲ್ಲ. ಕಡೆಗೆ, ನೀನು ಒಳಗಿದ್ದರೆ ನಾನೂ ಬರ್ತೀನಿ, ಅಂದ. ಹೊರಗೆ ಬಂದು ಎನಾಯತಳಿಗೆ ತಲೆಯಾಡಿಸಿದ. ಅಷ್ಟೇ.

ಗುರುದೀಕ್ಷೆಯಾಯಿತು. ವಾಡಿಕೆಯಂತೆ ನಲವತ್ತು ದಿನ ಮರುಭೂಮಿಯ ಮಠದಲ್ಲಿದ್ದು ಬಲಿಪೂಜೆಯ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿ, ಅರ್ಧ ಬೆಳೆದ ಗಡ್ಡ, ಕಪ್ಪು ನಿಲುವಂಗಿಯಲ್ಲಿ ಅಯ್ಯಾದ್, ಈಗ ಅಬೂನಾ, ಊರಿಗೆ ಮರಳಿದರು. ಊರಿನ ನಾಲಿಗೆಯೂ ತಿರುಗಿತ್ತು, ‘ಲೋ ಅಯ್ಯಾದ್’ ಅನ್ನುತ್ತಿದ್ದವರೆಲ್ಲ ‘ಅಬೂನಾ’ ಅಂದು ಕೈಗೆ ಮುತ್ತಿಡುತ್ತಿದ್ದರು. ಪಕ್ಕದ ಹೊಲದ ಹಾಜಿ ಅಬ್ದುಲ್ ಗಫ್ಫಾರ್ ಸಕ್ಕರೆ ಪೊಟ್ಟಣ ಹಿಡಿದು ನೋಡಲು ಬಂದವರು ಮುಖ ಗಂಟಿಕ್ಕಿ, “ನಿಮ್ಮವರಿಗೆ ಪಾದ್ರಿ ಸಿಕ್ಕಿದ, ಸಂತೋಷ. ನನ್ನ ಪಂಪು ವಿಧವೆ ಆಯ್ತಲ್ಲಪ್ಪ,” ಅಂದರು. ಅಂಗಳದಲ್ಲಿದ್ದವರೆಲ್ಲ ನಕ್ಕರು.

ಒಂದು ವಾರವೂ ಕಳೆದಿರಲಿಲ್ಲ, ಖರ್ಜೂರದ ಮರ ಹತ್ತುತ್ತಿದ್ದ ಮುದುಕ ಜಖಾರಿಯ ಮಗಳು ಬಂದಳು. “ಅಪ್ಪ ಇವತ್ತು ಕಳೆಯೋದು ಕಷ್ಟ, ಅಬೂನಾ. ಪ್ರಸಾದ ಬೇಕಂತೆ.” ಅವರು ಬೆಳಗಿನ ಪೂಜೆ ಮುಗಿಸಿ, ಪರಮಪ್ರಸಾದದ ಪುಟ್ಟ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ನಡೆದರು. ಜಖಾರಿಯ ಬಾಗಿಲಲ್ಲಿ ಕಾಲು ನಿಂತಿತು. ಹೆಂಗಸರು ಇಬ್ಬದಿಗೆ ಸರಿದು ದಾರಿ ಬಿಟ್ಟರು. ಅವರು ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ, ಒಳಗೆ ಹೋದರು.

ದಾರಿಯುದ್ದಕ್ಕೂ ಅವರ ಕಣ್ಣಿಗೆ ಕಟ್ಟಿದ್ದು ಒಂದು ಹೆಣ. ಹಾಸಿಗೆಯಲ್ಲಿದ್ದದ್ದು ಕಣ್ಣರಳಿಸಿಕೊಂಡ ಒಬ್ಬ ಮನುಷ್ಯ. ಪ್ರಸಾದ ಕೊಟ್ಟು, ತೈಲ ಹಚ್ಚಿ ಮುಗಿದ ಮೇಲೂ ಮುದುಕ ಕೈ ಬಿಡಲಿಲ್ಲ.

“ಹೋಗ್ಬೇಡ. ನನಗೆ ಭಯ ಆಗ್ತಿದೆ.”

“ನನಗೂ,” ಅಂದರು ಅಬೂನಾ.

ಜಖಾರಿಯ ಬತ್ತಿದ ಮುಖದಲ್ಲಿ ನಗುವಿನಂಥದೇನೋ ಸುಳಿಯಿತು. “ಗೊತ್ತು. ನನ್ ಹೆಂಡ್ತಿ ಹೋದಾಗ ನೀನು ಬೀದೀಲಿ ಬೆಂಚು ಹಾಕ್ತಿದ್ದೆ. ಇವತ್ತು ನನ್ ಹತ್ರ ಕೂತಿದೀಯಲ್ಲ. ಕೂತ್ಕೋ.”

ಅವರು ಕೂತರು. ಮುದುಕ ಹಾಡು ಹೇಳು ಅಂದ. ಅವರು ಮೆಲ್ಲಗೆ, ಸಂಜೆ ಹೊತ್ತು ಮನೆಯಲ್ಲಿ ಗುನುಗುವಂತೆ, ಈಸ್ಟರಿನ ಹಾಡನ್ನು ಹಾಡಿದರು. ಅದು ಈಸ್ಟರಿನ ಕಾಲವಲ್ಲ. ಯಾರೂ ತಕರಾರು ತೆಗೆಯಲಿಲ್ಲ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರುವವರೆಗೂ ಹಾಡಿದರು. ಯಾವಾಗ ಉಸಿರು ನಿಂತಿತೋ ತಿಳಿಯಲಿಲ್ಲ. ಮಗಳು ಅಳತೊಡಗಿದಾಗಲೇ ಗೊತ್ತಾದದ್ದು. ಕೈ ಇನ್ನೂ ಅವರ ಕೈಯಲ್ಲಿತ್ತು, ಮೆಲ್ಲಮೆಲ್ಲಗೆ ತಣ್ಣಗಾಗುತ್ತಿತ್ತು. ಅವರು ತಮ್ಮ ಕೈಯನ್ನು ಕಿತ್ತುಕೊಳ್ಳಲಿಲ್ಲ. ಬೆರಳುಗಳನ್ನು ತಾವೇ ಒಂದೊಂದಾಗಿ ಬಿಡಿಸಿ, ಆ ಕೈಯನ್ನು ಮುದುಕನ ಎದೆಯ ಮೇಲಿಟ್ಟರು.

ಹೊರಗೆ ಬಂದು ಜಗಲಿಯ ಮೇಲೆ ಕೂತರು. ಸುದ್ದಿ ತಿಳಿದು ಬಂದಿದ್ದ ಹಾಜಿ ಅಬ್ದುಲ್ ಗಫ್ಫಾರ್ ಪಕ್ಕದಲ್ಲಿ ಕೂತರು. ಯಾರೋ ಸಕ್ಕರೆ ಸುರಿದ ಕಪ್ಪು ಚಹಾ ತಂದರು. ಹಾಜಿ ಲೋಟವನ್ನು ತೆಗೆದು ಅಬೂನಾರ ಕೈಗಿಟ್ಟು, ತಮ್ಮ ಕೈಯನ್ನೂ ಅದಕ್ಕೆ ಆನಿಸಿದರು. ಮೂರನೆಯ ದಿನ ಜಖಾರಿಯ ಮನೆಯಲ್ಲಿ, ಶೋಕಕ್ಕೆ ಹಾಸಿದ ಚಾಪೆ ಎತ್ತಿ ಸೂತಕ ಮುಗಿಸುವ ಪ್ರಾರ್ಥನೆಗೆ ಅಬೂನಾ ಎಲ್ಲರಿಗಿಂತ ಮುಂಚೆ ಹೋಗಿದ್ದರು.

ಆ ಭಯ ಅವರನ್ನು ಪೂರ್ತಿ ಬಿಟ್ಟುಹೋಯಿತೆಂದು ಹೇಳುವಂತಿಲ್ಲ. ಪ್ರತಿ ಬಾಗಿಲಲ್ಲೂ ಒಂದು ಗಳಿಗೆ ನಿಲ್ಲುತ್ತಿದ್ದರು, ಆಮೇಲೆ ಒಳಗೆ ಹೋಗುತ್ತಿದ್ದರು. ಜನ ಹಾಗೆ ನಿಲ್ಲುವುದನ್ನೂ ಪ್ರಾರ್ಥನೆಯ ಭಾಗವೆಂದೇ ತಿಳಿದರು. ಎನಾಯತ್ ಹೇಳಿದ್ದೆಲ್ಲ ನಿಜವಾಯಿತು. ಅಡುಗೆಮನೆಯಲ್ಲಿ ಊರಿನ ಸೊಸೆಯರೂ ಅತ್ತೆಯರೂ ಜಗಳ ಹೊತ್ತು ಬಂದು ಕೂತರು, ಸಾರು ತಣ್ಣಗಾಯಿತು, ಅಬೂನಾ ತುತ್ತು ಬಿಟ್ಟು ಎದ್ದುಹೋದರು. ಅವಳು ಗೊಣಗುತ್ತಲೇ ಇನ್ನಷ್ಟು ರೊಟ್ಟಿ ಸುಟ್ಟಳು.

ಕೆಲವು ವರ್ಷಗಳಾದ ಮೇಲೆ ಅವರು ಎದುರು ದಡಕ್ಕೂ ಹೋಗತೊಡಗಿದರು. ಅಲ್ಲಿನ ಬೆಟ್ಟದ ಬುಡದಲ್ಲಿ ಸುಣ್ಣದಕಲ್ಲಿನ ಗಣಿಯ ಕ್ರೈಸ್ತ ಕೂಲಿಗಳ ಕೇರಿಯಿತ್ತು. ಚರ್ಚಿಲ್ಲ, ಪಾದ್ರಿಯಿಲ್ಲ. ಕಲ್ಲು ಕೊಯ್ಯುವ ಗರಗಸದ ಗಾಲಿಗೆ ಸಿಕ್ಕಿಯೋ ಕಲ್ಲು ಉರುಳಿಯೋ ಜನ ಸಾಯುತ್ತಿದ್ದರು. ಅಲ್ಲಿಗೆ ಹೋಗಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಬಿಷಪ್ಪರನ್ನು ಕಂಡು ಅವರೇ ಕೇಳಿಕೊಂಡರು. ಪ್ರತಿ ಶನಿವಾರ ಮೇವಿನ ಹೊರೆ, ಕತ್ತೆ, ಹೆಂಗಸರ ಜೊತೆ ದೋಣಿಯಲ್ಲಿ ನದಿ ದಾಟಿ, ಹುಲ್ಲು ತುಂಬುವ ಒಂದು ಕೋಣೆಯನ್ನು ಗುಡಿಸಿ ಪೂಜೆ ಮಾಡುತ್ತಿದ್ದರು. ಬಿಳಿ ಧೂಳು ಮೆತ್ತಿದ ರೆಪ್ಪೆಗಳ ಗಂಡಸರು ಅಲ್ಲಿ ಮೊದಲ ಸಲ ಕೂತು ಹಾಡು ಕಲಿತರು. ಹಾಡಿನ ಹಳೆಯ ಕಾಪ್ಟಿಕ್ ಮಾತುಗಳನ್ನು ಅವರು ಉಚ್ಚರಿಸುವುದು ಕೇಳಿದರೆ ನಗು ಬರುತ್ತಿತ್ತು. ಅಬೂನಾ ನಗುತ್ತಿರಲಿಲ್ಲ. ಆ ಸಾಲನ್ನು ಮತ್ತೊಮ್ಮೆ ಹಾಡಿ ತೋರಿಸುತ್ತಿದ್ದರು, ಅವರಿಗೆ ಬರುವವರೆಗೂ.