ಭಾನುವಾರ ತಣ್ಣಗಿದ್ದ ಒಲೆ

ಬೇಕರಿಯವರ ಮುಂಗೈಯಲ್ಲಿ ಒಂದು ಕೂದಲೂ ಇರಲಿಲ್ಲ. ಒಲೆಯ ಬಾಯಿಗೆ ದಿನವೂ ಕೈ ಚಾಚಿ ಮೊಣಕೈವರೆಗೆ ಚರ್ಮ ನುಣ್ಣಗಾಗಿ, ಹದವಾಗಿ ಬೆಂದ ಬನ್ನಿನ ನೆತ್ತಿಯ ಹಾಗೆ ಹೊಳೆಯುತ್ತಿತ್ತು. ಭಾನುವಾರ ಮಾತ್ರ ಆ ಕೈಗಳು ಕಾಣುತ್ತಿರಲಿಲ್ಲ. ಅಂದು ಗಂಜಿ ಹಾಕಿದ ಬಿಳಿ ತುಂಬುತೋಳಿನ ಅಂಗಿ ತೊಟ್ಟು ಇಗರ್ಜಿಗೆ ಹೋಗುತ್ತಿದ್ದರು. ಅಂಗಿ ಬಿಳಿಯದಲ್ಲ, ತಿಳಿನೀಲಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಬ್ಬರೂ ಅದೇ ಮನುಷ್ಯನನ್ನು ಮೂರು ವರ್ಷ ದಿನಾ ಕಂಡವರು. ಆದ್ದರಿಂದ ಈ ಬರಹವನ್ನು ಪೂರ್ತಿ ನಂಬಬೇಡಿ.

ಅರವತ್ತರ ದಶಕದ ಆರಂಭದಲ್ಲಿ ನಾನು ಸಾಗರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಹೊಸದಾಗಿ ಮದುವೆಯಾಗಿತ್ತು. ನಮ್ಮ ಬಾಡಿಗೆ ಮನೆಯ ಒಂದು ಗೋಡೆ ಬೇಕರಿಯ ಒಲೆಗೆ ಅಂಟಿಕೊಂಡಿತ್ತು. ಮನೆಯ ಯಜಮಾನರೂ ಬೇಕರಿಯವರೇ. ಮಳೆಗಾಲದಲ್ಲಿ ಊರಿಗೆಲ್ಲ ಬಟ್ಟೆ ಒಣಗಿಸುವ ಚಿಂತೆ; ನಮಗೆ ಆ ಗೋಡೆಗೆ ಒಂದು ಹಗ್ಗ ಕಟ್ಟಿದರೆ ಸಾಕಿತ್ತು. ಆದರೆ ಶನಿವಾರ ಸಂಜೆಯ ಕೊನೆಯ ಬ್ರೆಡ್ ತೆಗೆದ ಮೇಲೆ ಅವರು ಒಲೆಗೆ ಸೌದೆ ಹಾಕುತ್ತಿರಲಿಲ್ಲ. ಮತ್ತೆ ಬೆಂಕಿ ಸೋಮವಾರ ಬೆಳಿಗ್ಗೆಯೇ. ಪೂರ್ತಿ ತಣ್ಣಗಾದ ಒಲೆ ಕಾಯಲು ಅರ್ಧ ದಿನ ಬೇಕು, ಸೌದೆಯೂ ದುಪ್ಪಟ್ಟು. ಹೀಗಾಗಿ ಸೋಮವಾರ ಸಂಜೆಯವರೆಗೆ ಊರಿಗೆ ಹೊಸ ಬ್ರೆಡ್ ಇಲ್ಲ.

ಆಗ ನಮ್ಮ ಕಡೆ ಬ್ರೆಡ್ ಎಂದರೆ ಜ್ವರ ಬಂದವರ ಆಹಾರ. ಬಸ್ ಸ್ಟ್ಯಾಂಡಿನ ಹೋಟೆಲಿನವರು ಬೇಕರಿಯವರನ್ನು ಕಂಡಾಗಲೆಲ್ಲ ಛೇಡಿಸುತ್ತಿದ್ದರು: "ಎಂತ ಮಾರಾಯ್ರೆ, ಜ್ವರಕ್ಕೆ ನಿಮ್ಮ ಕ್ಯಾಲೆಂಡರ್ ಗೊತ್ತಿಲ್ವಲ್ಲ!"

"ಭಾನ್ವಾರ ಗಂಜಿ ಕುಡೀಲಿ. ಸೋಮ್ವಾರ ನಾನಿದೀನಿ," ಎಂದು ಇವರು ನಗುತ್ತಿದ್ದರು.

ಭಾನುವಾರ ಊಟವಾದ ಮೇಲೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಓದು ಇಲ್ಲ, ಮಾತಿಲ್ಲ, ನಿದ್ದೆಯೂ ಇಲ್ಲ. ಊಟ ಮಾಡುವಾಗಲೂ ಪೇಪರ್ ಓದುವ ನನಗೆ ಅದನ್ನು ನೋಡಿದರೇ ಚಡಪಡಿಕೆ. ಒಮ್ಮೆ ಕೇಳಿಬಿಟ್ಟೆ: ಅಷ್ಟು ಹೊತ್ತು ಏನು ಯೋಚನೆ ಮಾಡುತ್ತೀರಿ?

"ಮೊದ್ಲ ಅರ್ಧ ಗಂಟೆ ಮೈದಾ," ಎಂದರು. "ಅದು ತಲೆಯಿಂದ ಹೋಗ್ಲಿ ಅಂತ ಕಾಯ್ತೀನಿ. ಆಮೇಲೆ ದೇವರು ಬಂದ್ರೆ ಬರ್ತಾರೆ."

ಹತ್ತಿರದ ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಭರದಿಂದ ನಡೆದಿದ್ದ ಕಾಲ ಅದು. ಅಲ್ಲಿನ ಕ್ಯಾಂಪಿನಲ್ಲಿ ಎಲ್ಲೆಲ್ಲಿಂದಲೋ ಬಂದ ಜನ, ಜ್ವರವಿಲ್ಲದೆಯೂ ಬ್ರೆಡ್ ತಿನ್ನುವವರು. ಒಂದು ಕ್ಯಾಂಟೀನಿಗೆ ದಿನಾ ಬೆಳಿಗ್ಗೆ ಬ್ರೆಡ್ ಬೇಕಾಗಿತ್ತು. ಬೇಕರಿಯವರ ಪರವಾಗಿ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದವನು ನಾನೇ. ಕಂಟ್ರಾಕ್ಟ್ ಸಿಕ್ಕಿತು. ಅವರು ಎರಡನೆಯ ಒಲೆಗೆಂದು ಇಟ್ಟಿಗೆ ತರಿಸಿ ಹಿತ್ತಲಲ್ಲಿ ಪೇರಿಸಿದರು. ಸೋಮವಾರ ಬೆಳಗಿನ ಬ್ರೆಡ್ಡನ್ನು ಭಾನುವಾರವೇ ಬೇಯಿಸಬೇಕು ಎಂಬ ತೊಡಕಿಗೂ ದಾರಿ ಹುಡುಕಿದರು. ತಾವು ಒಲೆ ಮುಟ್ಟುವುದಿಲ್ಲ, ಕೆಲಸದವನು ಬೇಯಿಸುತ್ತಾನೆ.

ಕೆಲಸದವನು ತೀರ್ಥಹಳ್ಳಿ ಕಡೆಯ ಮೇಳಿಗೆಯವನು. ಗೇಣಿ ಜಮೀನಿನ ಮನೆಯಿಂದ ಬಂದು, ಅವರ ಕೈಕೆಳಗೇ ಬೇಕರಿ ಕೆಲಸ ಕಲಿತವನು. ಹೆಂಡತಿ, ಮಗು ಊರಿನಲ್ಲಿದ್ದರು. ಪ್ರತಿ ಶನಿವಾರ ಕೊನೆಯ ಬಸ್ಸಿಗೆ ಹೋಗಿ ಸೋಮವಾರ ಬರುತ್ತಿದ್ದ. ಹೊಸ ಏರ್ಪಾಡು ಮಾಡುವಾಗ ಅವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಭಾನುವಾರವೂ ಬಟ್ಟೆ ಒಣಗುತ್ತದೆಂದು ಖುಷಿಪಟ್ಟೆ.

ನಾಲ್ಕು ತಿಂಗಳು ಹಾಗೇ ನಡೆಯಿತು. ಬೇಕರಿಯವರು ಹಿತ್ತಲಲ್ಲಿ ಕೂರುತ್ತಲೇ ಇದ್ದರು, ಆದರೆ ಕಿವಿಯೆಲ್ಲ ಒಲೆಯ ಕಡೆಗೆ. "ಈಗ ಪೂರ್ತಿ ಮೈದಾನೇ ಮೇಷ್ಟ್ರೇ," ಎಂದರು ಒಂದು ದಿನ. ನಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬೇಕರಿಯಲ್ಲಿ ಯಾರೋ ದಡದಡ ಓಡಿಬಂದ ಸದ್ದಾಯಿತು. ಹೋಗಿ ನೋಡಿದರೆ ಬೇಕರಿಯವರು. ಇಗರ್ಜಿ ಎರಡು ಕಟ್ಟಡದಾಚೆ ಇತ್ತು. ಪೂಜೆಯ ನಡುವೆ ಬ್ರೆಡ್ಡಿನ ವಾಸನೆ ಗಾಳಿಯಲ್ಲಿ ಬಂದು, ಸೀದುಹೋಯಿತೆಂದು ಎದ್ದು ಬಂದಿದ್ದರು. ಮೇಳಿಗೆಯವನು ಒಲೆಯಿಂದ ತಗಡಿನ ಅಚ್ಚು ಎಳೆಯುತ್ತಿದ್ದ. ಬ್ರೆಡ್ ಹೊಂಬಣ್ಣಕ್ಕೆ ಬಂದಿತ್ತು. ಒಂದು ಕಲೆಯಿಲ್ಲ.

"ಎಂತ ಸಾವ್ಕಾರ್ರೆ, ಸುಟ್ಟೋಯ್ತು ಅಂತ ಬಂದ್ರಾ?"

"ವಾಸ್ನೆ ಬಂತು."

"ಅದು ಬೆಂದ ವಾಸ್ನೆ. ನೀವೇ ಕಲ್ಸಿದ್ದು." ಅವನು ಅಚ್ಚನ್ನು ಕುಕ್ಕಿ ಇಟ್ಟ. "ನಿಮ್ಗೆ ಅಲ್ಲಿ ಕೂರಕ್ಕೇ ಆಗ್ದಿದ್ರೆ, ನಾನ್ ಯಾಕೆ ಇಲ್ಲಿರ್ಬೇಕು? ನನ್ ಮಗ್ಳು ಹೆಜ್ಜೆ ಇಡಕ್ ಶುರು ಮಾಡಿದ್ಳಂತೆ. ನಾ ನೋಡ್ಲೇ ಇಲ್ಲ."

ಹಿಂದೆಯೇ ಬಂದ ಬೇಕರಿಯವರ ಹೆಂಡತಿ ತಲೆಯ ಮುಸುಕು ಸರಿಮಾಡಿಕೊಳ್ಳುತ್ತ ಬಾಗಿಲಲ್ಲಿ ನಿಂತರು. "ಎಲ್ಲರ ಎದುರಿಗೆ ದೇವರಿಗೆ ಬೆನ್ನು ತೋರ್ಸಿ ಬಂದಿದೀರಿ. ಇನ್ನು ಒಂದು ಬನ್ನಾದ್ರೂ ತಿಂದ್ಕೊಂಡು ಹೋಗಿ."

ಯಾರಿಗೂ ನಗು ಬರಲಿಲ್ಲ. ಬೇಕರಿಯವರು ತುಂಬುತೋಳಿನ ಅಂಗಿಯಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ನಿಂತಿದ್ದರು.

ಅದೇ ಸಂಜೆ ನಮ್ಮ ಮನೆಗೆ ಬಂದರು. "ಮೇಷ್ಟ್ರೇ, ಇನ್ನೊಂದು ಕಾಗದ ಬರೀಬೇಕು. ಸೋಮ್ವಾರದ ಬ್ರೆಡ್ ಆಗಲ್ಲ ಅಂತ."

ನನಗೆ ಸಿಟ್ಟೇ ಬಂತು. ಎರಡನೆಯ ಒಲೆಯ ಮಾತು ಆಡಿ ಆಡಿ ಅವರಿಗಿಂತ ಹೆಚ್ಚು ಆಸೆ ನನ್ನಲ್ಲೇ ಬೆಳೆದಿತ್ತು. ಕೊನೆಗೆ, "ಸೌದೆ ಸಿಕ್ತಿಲ್ಲ ಅಂತ ಬರೆಯೋಣ. ಕಂಟ್ರಾಕ್ಟ್ ಉಳಿದರೂ ಉಳಿಯಬಹುದು," ಎಂದೆ.

"ಹಿತ್ಲು ತುಂಬ ಸೌದೆ ಇದೆಯಲ್ಲ."

"ಅದು ಅವರಿಗೇನು ಗೊತ್ತು?"

"ಸುಳ್ಳು ಹೇಳಿ ತಗೊಂಡ ರಜದಲ್ಲಿ ನಂಗೆ ಕೂರಕ್ಕಾಗಲ್ಲ. ಭಾನ್ವಾರ ನಾವಿಬ್ರೂ ಕೆಲ್ಸ ಮಾಡಲ್ಲ ಅಂತ ಬರೀರಿ. ಇಬ್ರೂ ಅಂತ ಬರೀರಿ. ದೇವರು ರಜ ಕೊಟ್ಟಿದ್ದು ಮನೇಲಿ ದುಡಿಯೋರಿಗೂ ಸೇರ್ಸಿ. ಆ ಕಟ್ಟಳೆನ ಚಿಕ್ಕಂದಿನಿಂದ ಬಾಯಿಪಾಠ ಹೇಳ್ತಾ ಬಂದೆ, ಅರ್ಧ ಮಾತ್ರ ಕೇಳಿಸ್ಕೊಂಡಿದ್ದೆ." ಆಮೇಲೆ, "ಸೋಮ್ವಾರಕ್ಕೆ ಬೇಕಾದ್ರೆ ಶನಿವಾರವೇ ರಸ್ಕ್ ಕಳಿಸ್ತೀನಿ ಅಂತಾನೂ ಸೇರ್ಸಿ. ವ್ಯಾಪಾರ ಬೇಡ ಅಂತ ಅಲ್ವಲ್ಲ!" ಎಂದರು.

ಇಷ್ಟು ಹದವಾಗಿ ಅವರು ಮಾತಾಡಿದ್ದರೇ? ಅನುಮಾನ. ವರ್ಷಗಟ್ಟಲೆ ನನ್ನ ತಲೆಯೊಳಗೆ ಬೆಂದ ಮಾತುಗಳಿವು, ಒಂದಿಷ್ಟು ಉಬ್ಬಿರಲೂಬಹುದು. ಕಾಗದ ಬರೆದದ್ದು ಮಾತ್ರ ನಿಜ. ಅದರ ಕರಡು ನನ್ನ ಹತ್ತಿರ ಇನ್ನೂ ಇದೆ. 'ಇಬ್ಬರೂ' ಎಂಬುದಕ್ಕೆ ಹಾಕಿದ ಇಂಗ್ಲಿಷ್ ಪದದ ಕೆಳಗೆ ಗೆರೆ ಎಳೆದಿದ್ದೇನೆ.

ಎರಡೇ ಸಾಲಿನ ಉತ್ತರ ಬಂತು: ರಸ್ಕ್ ಬೇಡ, ತಿಂಗಳ ಕೊನೆಗೆ ಕಂಟ್ರಾಕ್ಟ್ ಮುಗಿಯಿತು. ಬೇಸರವಾಯಿತೇ ಎಂದು ಕೇಳಿದೆ. "ಆಯ್ತು. ಆಗ್ದೇ ಇರುತ್ತಾ?" ಎಂದರು. ಆ ಶನಿವಾರ ಕೊನೆಯ ಬಸ್ಸಿಗೆ ಹೊರಟ ಮೇಳಿಗೆಯವನ ಕೈಗೆ ಮಗುವಿಗೆಂದು ಬನ್ನಿನ ಪೊಟ್ಟಣ ಕೊಟ್ಟರು. ಕೆಲವು ದಿನಗಳಲ್ಲಿ ಎರಡನೆಯ ಒಲೆಯ ಇಟ್ಟಿಗೆಯಿಂದ ಹಿತ್ತಲಲ್ಲಿ ಒಂದು ಕಟ್ಟೆ ಎದ್ದಿತು. ಅದೇ ಇಟ್ಟಿಗೆಯೇ ಎಂದು ಆಣೆಯಿಟ್ಟು ಹೇಳಲಾರೆ. ಆ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ನಾನೂ ಕೆಲವು ಭಾನುವಾರ ಕೂತೆ. ಹತ್ತು ನಿಮಿಷಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. "ಇವತ್ತು ನಿಮ್ಮ ಮೈದಾ ಯಾವ್ದು?" ಎಂದು ಕೇಳಿ ನಗುತ್ತಿದ್ದರು.

ಆಮೇಲೆ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಆ ದಶಕ ಮುಗಿಯುವ ಮೊದಲೇ ಬೇಕರಿಯವರು ತೀರಿಹೋದರು. ಅವರ ಹೆಂಡತಿ ಬರೆದ ಕಾರ್ಡು ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕೆಲವು ತಿಂಗಳ ನಂತರ ಸಾಗರಕ್ಕೆ ಹೋದೆ. ಅವರ ಹೆಂಡತಿಯನ್ನು ಮಾತಾಡಿಸಬೇಕು, ಹೆಡ್‌ಮಾಸ್ಟರನ್ನು ಕಾಣಬೇಕು, ಬ್ರೆಡ್ ಕಟ್ಟಿಸಿಕೊಂಡು ಎರಡು ಗಂಟೆಯ ಬಸ್ಸಿಗೆ ವಾಪಸಾಗಬೇಕು ಎಂದು ಲೆಕ್ಕ ಹಾಕಿದ್ದೆ. ಬೇಕರಿ ಮುಚ್ಚಿತ್ತು. ಅಂದು ಭಾನುವಾರ; ಅಲ್ಲಿ ಭಾನುವಾರ ಒಲೆ ತಣ್ಣಗಿರುತ್ತದೆ ಎಂಬುದನ್ನೇ ಮರೆತಿದ್ದೆ. ಪಕ್ಕದಲ್ಲಿ ನಾವಿದ್ದ ಮನೆಯಿಂದಲೇ ಮೇಳಿಗೆಯವನು ಹೊರಗೆ ಬಂದ. ಈಗ ಬೇಕರಿ ನಡೆಸುತ್ತಿದ್ದವನು ಅವನೇ. ಹೆಂಡತಿ ಮಗಳನ್ನೂ ಕರೆತಂದುಕೊಂಡಿದ್ದ.

"ಅಮ್ಮಾವ್ರು ಇಗರ್ಜಿಗೆ ಹೋಗಿದಾರೆ. ಬ್ರೆಡ್ ಬೇಕಾದ್ರೆ ನಾಳೆ ಸಂಜೆ."

"ನೀನು ಒಲೆ ಹಚ್ಚಬಹುದಲ್ಲ ಮಾರಾಯ? ನಿನಗೆಂತ ಇಗರ್ಜಿ?"

"ದೇವ್ರು ಬೇರೆ ಇರ್ಬೋದು ಮೇಷ್ಟ್ರೇ," ಎಂದ. "ಸುಸ್ತು ಬೇರೆನಾ?"

ಜಗಲಿಗೆ ಚಾಪೆ ಹಾಸಿದ. ಮಗಳು ನನ್ನನ್ನು ದಾಟಿಕೊಂಡು ಅಂಗಳಕ್ಕೆ ಓಡಿದಳು, ಅವನು ಅವಳನ್ನೇ ನೋಡುತ್ತ ಕೂತ. ಎರಡು ಗಂಟೆಯ ಬಸ್ಸು ಹಾರ್ನ್ ಹಾಕಿಕೊಂಡು ಹೋದದ್ದು ಕೇಳಿಸಿತು. ನಾನು ಏಳಲಿಲ್ಲ.